ಮೂರನೇ ತಾಕಿನ ಮೆಕ್ಕೆಜೋಳ

ಮಚ್ಛೇಂದ್ರನ ಸೈಕಲ್ಲಿನ ಹ್ಯಾಂಡಲ್ಲಿಗೆ ಸದಾ ಒಂದು ಸೆಣಬಿನ ಹಗ್ಗ ಸುತ್ತಿಕೊಂಡಿರುತ್ತಿತ್ತು. ಅಡಿಗೊಂದರಂತೆ ಐವತ್ತು ಗಂಟು ಬಿಗಿದ ಹಗ್ಗ. ಔರಾದ ತಾಲೂಕಿನ ಡಾಬಕಾ ಊರಿನವರು ಅವನನ್ನು ಗ್ರಾಮಸೇವಕ ಎಂದು ಮರೆತೂ ಕರೆಯಲಿಲ್ಲ. ಹಗ್ಗದ ಮಾಸ್ತರ ಎಂದರು. ಅವನು ಊರೊಳಗೆ ಬಂದನೆಂದರೆ ಕಟ್ಟೆಯ ಮೇಲೆ ಕುಳಿತವರಿಗೆ ಹೊತ್ತು ಹೋಗಲು ಬೇರೇನೂ ಬೇಕಿರಲಿಲ್ಲ. "ಮಾಸ್ತರ್, ಇವತ್ತು ಈ ಹಗ್ಗದಾಗ ಯಾರಿಗಿ ಕಟ್ತೀರಿ?" ಎಂದು ಒಬ್ಬ ಕೇಳುತ್ತಿದ್ದ, ಉಳಿದವರು ನಗುತ್ತಿದ್ದರು. ಮಚ್ಛೇಂದ್ರನಿಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಸರ್ಕಾರಿ ನೌಕರನಲ್ಲವೇ, ನುಂಗಿಕೊಳ್ಳುತ್ತಿದ್ದ.

ಅವನು ಹೇಳುತ್ತಿದ್ದುದಾದರೂ ಏನು? ಮೆಕ್ಕೆಜೋಳದ ಸಾಲಿನಿಂದ ಸಾಲಿಗೆ ಎರಡೂವರೆ ಅಡಿ ಬಿಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ. ಗೊಬ್ಬರವನ್ನು ಒಮ್ಮೆಲೇ ಸುರಿಯಬೇಡಿ. ಬಿತ್ತುವಾಗ ಒಂದಿಷ್ಟು, ಬೀಜಕ್ಕೆ ತಾಗದ ಹಾಗೆ. ಗಿಡ ಮೊಣಕಾಲೆತ್ತರಕ್ಕೆ ಬಂದಾಗ ಇನ್ನೊಂದಿಷ್ಟು, ಬುಡದಿಂದ ನಾಲ್ಕು ಬೆರಳು ದೂರದಲ್ಲಿ. ಇಷ್ಟೇ ಮಾತು. ಅದನ್ನು ಅವನು ಏಳು ವರ್ಷ ಹೇಳಿದ. ಕೇಳಿದವರೆಲ್ಲ ತಲೆಯಾಡಿಸಿದರು, ಚಹಾ ಕುಡಿಸಿದರು, ಎದ್ದು ಹೋಗಿ ತಮಗೆ ತಿಳಿದಂತೆ ಬಿತ್ತಿದರು.

ಅವನು ಭಾಲ್ಕಿ ತಾಲೂಕಿನ ಸಾಯಗಾಂವದವನು. ಸಾಲೆಯಲ್ಲಿ ಕಲಿತದ್ದು ಉರ್ದು, ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಹೈದರಾಬಾದ ರಾಜ್ಯ ಇದ್ದಾಗ, ಇಸವಿ ಐವತ್ತೈದರಲ್ಲಿ, ನೌಕರಿ ಸಿಕ್ಕಿತು. ಒಂದು ವರ್ಷ ತುಂಬುವಷ್ಟರಲ್ಲಿ ಬೀದರ ಜಿಲ್ಲೆಯನ್ನು ರೊಟ್ಟಿ ಮುರಿದಂತೆ ಮುರಿದು ಮೂರು ರಾಜ್ಯಗಳಿಗೆ ಹಂಚಿದರು. ಬೀದರ, ಭಾಲ್ಕಿ, ಔರಾದ ಮೈಸೂರಿನ ಪಾಲಿಗೆ ಬಂದವು. ಮಚ್ಛೇಂದ್ರ ಎಲ್ಲಿಗೂ ಹೋಗಲಿಲ್ಲ. ಔರಾದದ ಅದೇ ಕೋಣೆಯಲ್ಲಿ ಮಲಗಿ ಎದ್ದಾಗ ಬೇರೆ ರಾಜ್ಯದ ನೌಕರನಾಗಿದ್ದ. ಅಲ್ಲಿಯವರೆಗೆ ಉರ್ದುವಿನಲ್ಲಿ ಸರಾಗವಾಗಿ ವರದಿ ಬರೆಯುತ್ತಿದ್ದವನು ಮೂವತ್ತರ ಹತ್ತಿರದ ವಯಸ್ಸಿನಲ್ಲಿ ಪಾಟಿ ಬಳಪ ಹಿಡಿದು ಕನ್ನಡ ಅಕ್ಷರ ತಿದ್ದಿದ. ತಿದ್ದಿ ಬರೆದು ಕಳಿಸಿದ ವರದಿಗಳು ಕೆಂಪು ಶಾಯಿಯ ಗೀಟುಗಳನ್ನು ಹೊತ್ತು ತಿರುಗಿ ಬರುತ್ತಿದ್ದವು. ಗೊಬ್ಬರದ ಮಾತು ಬಿಟ್ಟು ಒತ್ತಕ್ಷರದ ಮಾತೇ ದೊಡ್ಡದಾಯಿತಲ್ಲ ಎಂದು ಅವನು ಹಲ್ಲು ಕಡಿಯುತ್ತಿದ್ದ.

ಹೊಲಗಳಲ್ಲಿ ಆದದ್ದನ್ನು ಕೇಳಿದರೆ ಯಾರಿಗಾದರೂ ರೇಗಬೇಕು. ಮೊದಲ ವರ್ಷ ಊರವರು ಬಿಳಿಜೋಳ ಬಿತ್ತುವ ಕೂರಿಗೆಯಿಂದಲೇ ಮೆಕ್ಕೆಜೋಳವನ್ನೂ ಬಿತ್ತಿದರು, ಸಾಲಿಗೆ ಒಂದು ಗೇಣು, ಗಿಡಕ್ಕೆ ನಾಲ್ಕು ಬೆರಳು. ಗಿಡಗಳು ಒಂದರ ಮೇಲೊಂದು ಪೈಪೋಟಿಗೆ ಬಿದ್ದು ಚಾವಟಿಯ ಹಾಗೆ ಬೆಳೆದವು. ತೆನೆ ಮಾತ್ರ ಹೆಬ್ಬೆರಳಿನಷ್ಟು. ಬೀಜ ಸರಿಯಿಲ್ಲ ಎಂದು ತೀರ್ಪು ಕೊಟ್ಟರು. ಮರುವರ್ಷ ಕೆಲವರು ಗೊಬ್ಬರವನ್ನು ಬೀಜದ ಜೊತೆ ಬೆರೆಸಿ ಕೂರಿಗೆಯ ಬಟ್ಟಲಿಗೆ ಹಾಕಿದರು. ಬೀಜ ಅರ್ಧಕ್ಕರ್ಧ ಸುಟ್ಟುಹೋಯಿತು. ಅಂದಿನಿಂದ ಆ ಬಿಳಿಯ ಹರಳಿಗೆ ಡಾಬಕಾದಲ್ಲಿ ಸರ್ಕಾರಿ ಉಪ್ಪು ಎಂದು ಹೆಸರು ಬಿತ್ತು. ಮೂರನೇ ವರ್ಷ ಅಬ್ದುಲ ಗಫೂರ ಒಪ್ಪಿಕೊಂಡ. ಊರಲ್ಲಿ ನಾಲ್ಕು ಜೋಡಿ ಎತ್ತು ಕಟ್ಟಿದವನು, ನಗುಮೊಗದವನು, ಎದುರಿಗೆ ಇಲ್ಲ ಎನ್ನದವನು. ಹಗ್ಗ ಹಿಡಿದು ಎರಡೂವರೆ ಅಡಿ ಬರೋಬ್ಬರಿ ಬಿಟ್ಟೇ ಬಿತ್ತಿಸಿದ. ಹದಿನೈದು ದಿನ ಬಿಟ್ಟು ಮಚ್ಛೇಂದ್ರ ಹೋಗಿ ನೋಡಿದರೆ ಬಿಟ್ಟ ಜಾಗದಲ್ಲೆಲ್ಲ ಉದ್ದು, ಪುಂಡಿಪಲ್ಯ, ಸೌತೆಬಳ್ಳಿ.

"ಅರೆ ಮಚ್ಛೇಂದ್ರ ಸಾಬ್, ಜಾಗಾ ಸುಮ್ನ ಖಾಲಿ ಬಿದ್ದಿತ್ತು ನೋಡ್ರಿ. ನೋಡ್ಲಿಕ್ಕಿ ಆಗ್ಲಿಲ್ಲ," ಎಂದ ಗಫೂರ.

"ಖಾಲಿ ಇಲ್ರಿ ಅದು! ಬೇರು ಹೋಗ್ಲಿಕ್ಕಿ, ಬಿಸಲು ಬೀಳ್ಲಿಕ್ಕಿ ಬಿಟ್ಟದ್ದದ!"

"ಬೇರಿಗಿ ಏನ್ ಕಣ್ಣವೇನ್ರಿ, ಬಾಜೂಕ ಯಾರ ಅದಾರ ಅಂತ ನೋಡ್ಲಿಕ್ಕಿ?" ಎಂದು ನಕ್ಕು ಗಫೂರ ಎರಡು ಸೌತೆಕಾಯಿ ಕೊಯ್ದು ಅವನ ಚೀಲಕ್ಕೆ ಹಾಕಿದ. ಆ ಸೌತೆಕಾಯಿಗಳನ್ನು ಮಚ್ಛೇಂದ್ರ ಔರಾದದ ದಾರಿಯಲ್ಲಿ ಒಂದು ಎಮ್ಮೆಗೆ ತಿನ್ನಿಸಿದ. ತಾನು ತಿಂದರೆ ಸೋತಂತೆ ಎಂದು ಅವನಿಗೆ ಅನ್ನಿಸಿತ್ತು.

ಅರವತ್ತೆರಡರ ಬೇಸಿಗೆಯಲ್ಲಿ ಹೊಸ ಮಿಶ್ರತಳಿಯ ಬೀಜ ಬಂತು. ಬೀದರದ ಕೃಷಿ ಸಾಹೇಬರು, ದಕ್ಷಿಣದ ಕಡೆಯಿಂದ ಬಂದ ಶಾಂತ ಸ್ವಭಾವದವರು, ಮಚ್ಛೇಂದ್ರನನ್ನು ಕರೆಸಿ ಕೂಡಿಸಿ ಹೇಳಿದರು: "ಏಳು ವರ್ಷ ಬಾಯಲ್ಲಿ ಹೇಳಿದಿರಿ. ಈ ಸಲ ಕಣ್ಣಿಗೆ ತೋರಿಸಿ. ಒಂದು ಹೊಲದಲ್ಲಿ ನಾಲ್ಕು ತಾಕು ಮಾಡಿ. ಕೊಯ್ಲಿನ ದಿನ ನಾನೇ ಬಂದು ಊರವರ ಎದುರು ತೂಗಿಸುತ್ತೇನೆ. ವ್ಯತ್ಯಾಸ ಕಂಡರೆ ಬರುವ ವರ್ಷ ಬೀಜ, ಗೊಬ್ಬರ ಎಲ್ಲ ಡಾಬಕಾಕ್ಕೆ. ಕಾಣದಿದ್ದರೆ ಬೇರೆ ತಾಲೂಕಿನವರು ಕೇಳುತ್ತಿದ್ದಾರೆ."

ನಾಲ್ಕು ತಾಕಿನ ಲೆಕ್ಕ ಸರಳ. ಒಂದನೆಯದರಲ್ಲಿ ಊರ ಪದ್ಧತಿಯ ಒತ್ತು ಬಿತ್ತನೆ, ಗೊಬ್ಬರವಿಲ್ಲ. ಎರಡನೆಯದರಲ್ಲಿ ಅದೇ ಒತ್ತು ಬಿತ್ತನೆ, ಗೊಬ್ಬರ ಉಂಟು. ಮೂರನೆಯದರಲ್ಲಿ ಹಗ್ಗ ಹಿಡಿದು ಅಂತರ ಬಿಟ್ಟ ಬಿತ್ತನೆ, ಗೊಬ್ಬರವಿಲ್ಲ. ನಾಲ್ಕನೆಯದಕ್ಕೆ ಅಂತರವೂ ಉಂಟು, ಗೊಬ್ಬರವೂ ಉಂಟು. ಜಾಗ ಮಾತ್ರ ಕೊಟ್ಟರೆ ಎಷ್ಟು, ಗೊಬ್ಬರ ಮಾತ್ರ ಕೊಟ್ಟರೆ ಎಷ್ಟು, ಎರಡೂ ಕೊಟ್ಟರೆ ಎಷ್ಟು ಎಂದು ತಕ್ಕಡಿಯೇ ಹೇಳಬೇಕು. ಮಚ್ಛೇಂದ್ರನಿಗೆ ನಾಲ್ಕನೆಯದರ ಮೇಲೆ ಎಷ್ಟು ಭರವಸೆ ಇತ್ತೆಂದರೆ, ಆ ತೂಕದ ದಿನವನ್ನು ನೆನೆದು ಸೈಕಲ್ಲಿನ ಮೇಲೆ ಒಬ್ಬನೇ ನಗುತ್ತಿದ್ದ.

ಆದರೆ ಹೊಲ ಕೊಡುವವರು ಯಾರು? ಗೊಬ್ಬರವಿಲ್ಲದ ತಾಕಿಗೆ ಯಾರೂ ಒಪ್ಪಲಿಲ್ಲ, ಗೊಬ್ಬರ ಹಾಕುವ ತಾಕಿಗಂತೂ ಮೊದಲೇ ಒಪ್ಪಲಿಲ್ಲ. ಕಡೆಗೆ ಅನುಸೂಯಾಬಾಯಿ ಹ್ಞೂಂ ಎಂದಳು. ಐವತ್ತು ದಾಟಿದ ವಿಧವೆ. ಗಂಡನ ಹಿರಿಯರಿಗೆ ಊರ ಚಾಕರಿಗಾಗಿ ಸಿಕ್ಕ ಮೂರು ಎಕರೆ ಇನಾಮು ಹೊಲವನ್ನು ಒಬ್ಬಳೇ ಮಾಡುತ್ತಿದ್ದಳು. ಅವಳ ಮನೆಯ ಗೋಡೆಯ ಮೇಲೆ ಐದಾರು ವರ್ಷಗಳಿಂದ ಬುದ್ಧನ ಪಟವಿತ್ತು. ಸಾಯಗಾಂವದ ಮಚ್ಛೇಂದ್ರನ ಮನೆಯಲ್ಲೂ ಅಂಥದೇ ಪಟವಿತ್ತು. ಆ ಸಲುಗೆಯಿಂದಲೇ ಅವನು ಅವಳನ್ನು ಅವ್ವಾ ಎನ್ನುತ್ತಿದ್ದ.

"ಅರ್ಧ ಎಕರೆ ತೊಗೋ ತಮ್ಮಾ. ಏಳು ವರ್ಷ ಒದರಿ ಒದರಿ ನಿನ್ನ ಗಂಟಲಾರೆ ಒಣಗ್ಯಾದ," ಎಂದಳು.

ಗಫೂರನೇ ಎತ್ತು ಕೊಟ್ಟ, ಜೊತೆಗೆ ಒಂದು ಗೇಲಿಯನ್ನೂ ಕೊಟ್ಟ. ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೂರನೇ ದಿನ ಬಿತ್ತನೆಯಾಯಿತು. ಅಂತರದ ಎರಡು ತಾಕುಗಳಲ್ಲಿ ಹಗ್ಗದ ಗಂಟಿಗೊಂದು ಕುಣಿ, ಕುಣಿಗೆ ಎರಡು ಕಾಳು. ಎರಡು ಮತ್ತು ನಾಲ್ಕನೇ ತಾಕುಗಳಿಗೆ ಮೊದಲ ಪಾಲಿನ ಗೊಬ್ಬರವನ್ನು ಮಚ್ಛೇಂದ್ರ ತನ್ನ ಕೈಯಿಂದಲೇ ಹಾಕಿದ. ನಾಲ್ಕು ಹಲಗೆಗಳ ಮೇಲೆ ಕನ್ನಡದಲ್ಲಿ ಅಂಕಿ ಬರೆದು ನೆಟ್ಟ. ಕೆಲಸ ಮುಗಿದಾಗ ಅನುಸೂಯಾಬಾಯಿ ಮೂರನೇ ಹಲಗೆಯ ಹತ್ತಿರ ನಿಂತಿದ್ದಳು.

"ಇದಕ್ಕ ಏನೂ ಇಲ್ಲೇನು?"

"ಇಲ್ರಿ ಅವ್ವಾ. ಅದು ಹಂಗೇ ಇರಬೇಕು. ಅಂದ್ರೇ ಭೇದ ಗೊತ್ತಾಗ್ತದ."

ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಎರಡು ವಾರಕ್ಕೆ ಪೈರು ಗೇಣುದ್ದ ಎದ್ದು ನಿಂತಿತು. ಕುಣಿಯಲ್ಲಿ ಎರಡು ಹುಟ್ಟಿದಲ್ಲಿ ಒಂದನ್ನು ಕೀಳಬೇಕಿತ್ತು. ಕೀಳು ಎಂದರೆ ಅನುಸೂಯಾಬಾಯಿ ಕೈ ಹಿಂದೆ ಕಟ್ಟಿ ನಿಂತಳು. ಹುಟ್ಟಿದ ಜೀವ, ಕಳೆಯಲ್ಲ ಕಸವಲ್ಲ, ತನ್ನ ಕೈಯಿಂದ ಆಗದು ಎಂದಳು. ಮಚ್ಛೇಂದ್ರ ಬಾಗಿ ಬಾಗಿ ತಾನೇ ಕಿತ್ತ. ಅವಳು ಅವನ ಹಿಂದೆಯೇ ನಡೆದು ಕಿತ್ತ ಸಸಿಗಳನ್ನೆಲ್ಲ ಸೆರಗಿನಲ್ಲಿ ಕೂಡಿಸಿಕೊಂಡಳು. ಮರುದಿನ ನೋಡಿದರೆ ಹೊಲದ ಬದುವಿನುದ್ದಕ್ಕೂ ಅವನ್ನು ಒಂದೊಂದಾಗಿ ನೆಟ್ಟು, ಕೊಡದಿಂದ ನೀರು ಹಾಕಿದ್ದಳು. ಅವುಗಳಲ್ಲಿ ಮುಕ್ಕಾಲು ಬಾಡಿ ನೆಲಕ್ಕೆ ಒರಗಿದ್ದವು. ಬದುವಿನ ಮೇಲೆ ತಾನೇ, ತಾಕಿನೊಳಗೆ ಅಲ್ಲವಲ್ಲ ಎಂದು ಮಚ್ಛೇಂದ್ರ ನಕ್ಕು ಸುಮ್ಮನಾದ. ಅಂದೇ ಅವನಿಗೆ ಹೊಳೆಯಬೇಕಿತ್ತು. ಊರಿಗೆಲ್ಲ ಕಣ್ಣು ತೆರೆಸಲು ಹೊರಟವನಿಗೆ ತನ್ನ ಕಣ್ಣೆದುರಿನದು ಕಾಣಲಿಲ್ಲ.

ಗಿಡಗಳು ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ಬೀದರದಿಂದ ಕಾಗದ ಬಂತು: ಹನ್ನೆರಡು ದಿನದ ತರಬೇತಿ, ತಪ್ಪದೆ ಹಾಜರಾಗಬೇಕು. ಮಚ್ಛೇಂದ್ರ ತಲೆ ಚಚ್ಚಿಕೊಂಡ. ಎರಡನೇ ಪಾಲಿನ ಗೊಬ್ಬರ ಆ ವಾರವೇ ಬೀಳಬೇಕಿತ್ತು. ಕಡೆಗೆ ಅದನ್ನು ತೂಗಿ ಎರಡು ಚೀಲಗಳಲ್ಲಿ ಕಟ್ಟಿ ಅನುಸೂಯಾಬಾಯಿಯ ಮನೆಯಲ್ಲಿ ಇಟ್ಟ. ಕಡ್ಡಿಪೆಟ್ಟಿಗೆಯ ಒಳಡಬ್ಬಿಯನ್ನು ತೋರಿಸಿ, ಅಂತರದ ತಾಕಿನಲ್ಲಿ ಗಿಡಕ್ಕೆ ಅರ್ಧ ಡಬ್ಬಿ, ಒತ್ತು ತಾಕಿನಲ್ಲಿ ಸಾಲಿನ ಮಗ್ಗುಲಿಗೆ ಉದ್ದಕ್ಕೂ ತೆಳ್ಳಗೆ ಎಂದು ಮೂರು ಸಲ ಹೇಳಿಕೊಟ್ಟ.

"ಎರಡನೇದ್ದಕ್ಕ, ನಾಕನೇದ್ದಕ್ಕ. ತಿಳೀತಲ್ರಿ?"

"ತಿಳೀತು ಹೋಗಪಾ. ಡಬ್ಬಿ ಹಿಡಿಲಿಕ್ಕಿ ನನಗ ಬರ್ತದ."

ತರಬೇತಿಯಲ್ಲಿ ಹನ್ನೆರಡು ದಿನವೂ ಬೆಳೆಗಳ ನಡುವಿನ ಅಂತರದ ಬಗ್ಗೆಯೇ ಭಾಷಣ. ತನ್ನ ತಾಕುಗಳನ್ನು ಬಿಟ್ಟುಬಂದು ತನಗೆ ಗೊತ್ತಿದ್ದುದನ್ನೇ ಕೇಳುತ್ತ ಅವನು ಬೆಂಚಿನ ಮೇಲೆ ಕುದಿಯುತ್ತ ಕುಳಿತ. ಬಿಡುವಿನಲ್ಲಿ ಬೀದರದ ಕಾಳಿನ ಪೇಟೆ ಗಾಂಧಿ ಗಂಜಿಗೆ ಹೋಗಿ, ತೂಕದ ದಿನಕ್ಕೆ ಹೊಸ ಕಿಲೋ ಕಲ್ಲುಗಳನ್ನು ಎರವಲು ಕೇಳಿದ. ಅಡತಿ ವ್ಯಾಪಾರಿ ಅಬ್ದುಲ ಅಜೀಜ ಕಲ್ಲು ಕೊಡಲು ಒಪ್ಪಿದ. ಆಮೇಲೆ, "ತೊಗರಿ ಬೆಳೀರಿ, ಉದ್ದು ಬೆಳೀರಿ. ಈ ಮಕ್ಕಾಜೋಳಕ್ಕ ಇಷ್ಟ್ಯಾಕ ಹೊಡದಾಡ್ತೀರಿ ಸಾಬ್?" ಎಂದ. ಮಚ್ಛೇಂದ್ರ ಎದ್ದು ಬಂದ.

ತಿರುಗಿ ಬಂದಾಗ ಹೊಲ ಹಸಿರಾಗಿ ತೂಗುತ್ತಿತ್ತು. ನಾಲ್ಕನೇ ತಾಕು ಚೆನ್ನಾಗಿತ್ತು. ಮೂರನೆಯದೂ ಚೆನ್ನಾಗಿತ್ತು. ಹೋಗುವಾಗ ಹಳದಿಗೆ ತಿರುಗಿದ್ದ ಮೂರನೆಯದು ಈಗ ಹೀಗೆ ಕಪ್ಪುಹಸಿರಾಗಿದ್ದು ಹೇಗೆ ಎಂದು ಅವನಿಗೆ ಬಗೆಹರಿಯಲಿಲ್ಲ. ಹಿಂದಿನ ಹಿಂಗಾರಿನಲ್ಲಿ ಅಲ್ಲಿ ಕಡಲೆ ಇತ್ತಂತೆ, ಅದರ ಸತ್ವ ಉಳಿದಿರಬೇಕು ಎಂದು ಡೈರಿಯಲ್ಲಿ ಬರೆದುಕೊಂಡ. ತೆನೆ ಕಟ್ಟುವ ಕಾಲಕ್ಕೆ ಭೇದ ಕಂಡೇ ಕಾಣುತ್ತದೆ ಎಂದು ಸಮಾಧಾನ ಹೇಳಿಕೊಂಡ. ಅನುಸೂಯಾಬಾಯಿಯನ್ನು ಕೇಳಲು ಅವನಿಗೆ ತೋಚಲಿಲ್ಲ. ಅವಳು ಇಷ್ಟು ಚೆನ್ನಾಗಿ ಕಳೆ ತೆಗೆದಿದ್ದಾಳೆ, ಇನ್ನೇನು ಕೇಳುವುದು ಎಂದುಕೊಂಡ.

ಅಕ್ಟೋಬರ್ ಕೊನೆಯಲ್ಲಿ ಕೊಯ್ಲು. ಸಾಹೇಬರು ಜೀಪಿನಲ್ಲಿ ಬಂದರು. ಡಾಬಕಾದ ಗಂಡಸರೆಲ್ಲ ಹೊಲದಲ್ಲಿ ಸೇರಿದ್ದರು. ಗಫೂರ ಮುಂದಿನ ಸಾಲಿನಲ್ಲಿ, ತಲೆಗೆ ಹೊಸ ಟೋಪಿ. ಬೇವಿನ ಕೊಂಬೆಗೆ ತಕ್ಕಡಿ ಕಟ್ಟಿ ಒಂದೊಂದೇ ತಾಕಿನ ತೆನೆ ತೂಗಿದರು. ಒಂದನೇ ತಾಕು ಎಂಬತ್ತನಾಲ್ಕು ಕಿಲೋ. ಎರಡನೆಯದು ಎಂಬತ್ತೇಳು. ಮೂರನೆಯದು ನೂರನಲವತ್ತಾರು ಎಂದಾಗ ಜನ ಒಮ್ಮೆಲೇ ಹೋ ಎಂದರು. ಕಡಿಮೆ ಗಿಡ, ಹೆಚ್ಚು ತೆನೆ! ಮಚ್ಛೇಂದ್ರನ ಎದೆ ಉಬ್ಬಿತು. ಇನ್ನು ನಾಲ್ಕನೆಯದು ಇನ್ನೂರು ಮುಟ್ಟಿದರೆ ಸಾಕು.

ನಾಲ್ಕನೆಯದು ನೂರನಲವತ್ತೊಂಬತ್ತು.

"ಮತ್ತೊಮ್ಮೆ ತೂಗ್ರಿ," ಎಂದ ಮಚ್ಛೇಂದ್ರ. ಮತ್ತೊಮ್ಮೆ ತೂಗಿದರು. ನೂರನಲವತ್ತೊಂಬತ್ತೇ.

ಸಾಹೇಬರು ಪುಸ್ತಕದಲ್ಲಿ ಬರೆಯುತ್ತ ಹೇಳಿದರು: "ಅಂತರದಿಂದ ಲಾಭ ಇದೆ. ಗೊಬ್ಬರದಿಂದ ಏನೂ ಇಲ್ಲ ಅಂತಾಯ್ತಲ್ಲ ಮಚ್ಛೇಂದ್ರ?"

"ನಾವು ಏಳು ವರ್ಷದಿಂದ ಅದೇ ಹೇಳ್ಲತ್ತೇವಿ ಸಾಬ್, ಉಪ್ಪಿನಾಗ ಏನ್ ಇಲ್ಲಂತ!" ಎಂದು ಗಫೂರ ತೊಡೆ ತಟ್ಟಿಕೊಂಡು ನಕ್ಕ. ಸುತ್ತಲಿನವರೂ ನಕ್ಕರು.

ಮಚ್ಛೇಂದ್ರ ಹಲಗೆಗಳನ್ನು ನೋಡಿದ, ತೆನೆಯ ರಾಶಿಗಳನ್ನು ನೋಡಿದ, ಆಮೇಲೆ ಅನುಸೂಯಾಬಾಯಿಯ ಕಡೆ ತಿರುಗಿದ. ಅವಳು ರಾಶಿಯ ಪಕ್ಕದಲ್ಲಿ ಸಂತೋಷದಿಂದ ನಿಂತಿದ್ದಳು. ಅವಳ ಹೊಲದಲ್ಲಿ ಇಷ್ಟು ತೆನೆ ಯಾವ ವರ್ಷವೂ ಬಂದಿರಲಿಲ್ಲ.

"ಅವ್ವಾ, ನಾ ಕೊಟ್ಟ ಎರಡು ಚೀಲ ಎಲ್ಲಿ ಹಾಕಿದ್ರಿ?"

"ಎಲ್ಲಿ ಹಾಕ್ಲಿ, ಇಲ್ಲೇ ಹಾಕೀನಿ. ಒಂದನೇದ್ದಕ್ಕ, ಮೂರನೇದ್ದಕ್ಕ."

"ಒಂದಕ್ಕ? ಮೂರಕ್ಕ? ನಾ ಏನ್ ಹೇಳಿದ್ದೆ?"

"ನೀ ಹೇಳಿದ್ದು ಖರೇ. ಆದ್ರ ಎರಡು, ನಾಕು ಬಿತ್ತಾಗೇ ಉಂಡಿದ್ವು. ಈ ಎರಡು ಹಸದು ಹಳದಿ ಬಿದ್ದಿದ್ವು. ಉಂಡವಕ್ಕೇ ಮತ್ತ ಬಡಸ್ತಾರೇನು? ಹಸದವಕ್ಕ ಹಾಕ್ದೆ. ನೋಡು, ಹ್ಯಾಂಗ ಸಮ್‌ ಸಮ ಬಂದಾವ."

ಏಳು ವರ್ಷದ ಸಿಟ್ಟು ಒಟ್ಟಿಗೆ ಮಚ್ಛೇಂದ್ರನ ನಾಲಿಗೆಗೆ ಬಂತು. ಹಗ್ಗದ ಮಾಸ್ತರ ಎಂದವರ ಮೇಲಿನದು, ಸೌತೆಬಳ್ಳಿಯದು, ಕೆಂಪು ಶಾಯಿಯದು, ಎಲ್ಲ ಆ ಮುದುಕಿಯ ಮೇಲೆ ಬಿತ್ತು. "ನಿಮಗ ತಲಿ ಅದನೋ ಇಲ್ಲೋ? ಮೂರು ಸಲ ಹೇಳಿ ಹೋಗಿದ್ದೆ! ಒಂದು ವರ್ಷದ ಕೆಲಸ ಮಣ್ಣುಗೂಡಿಸಿದ್ರಿ! ಅದು ಹಸದಿರಬೇಕಾಗಿತ್ತು, ಅದು ಹಸದಿರ್ಲಿಕ್ಕಿ ಅಂತಾನೇ ಇತ್ತು!"

ಅನುಸೂಯಾಬಾಯಿಯ ಮುಖ ಸಣ್ಣದಾಯಿತು. ಆದರೆ ಅವಳು ತಲೆ ತಗ್ಗಿಸಲಿಲ್ಲ. ಜನರ ಕಡೆ ಒಮ್ಮೆ ನೋಡಿ, ಅವನಿಗೆ ಹೇಳಿದಳು: "ಈ ಊರಾಗ ಲಗ್ನಕ್ಕ ಹೋದ್ರ ನಮಗ ಪಂಕ್ತಿದಾಗ ಕೂಡಸ್ತಿದ್ದಿಲ್ಲ ತಮ್ಮಾ. ಹೊರಗ ಕಲ್ಲಿನ ಹಂತ್ಯಾಕ ಕೂತು, ಒಳಗ ತುಪ್ಪ ಬಡಸೂದು ನೋಡ್ತಿದ್ದೆವು. ಅವರದ್ದು ಉಂಡು ಮುಗದ ಮ್ಯಾಲ ಉಳದ್ರ ನಮಗ. ನಿನಗ ಗೊತ್ತಿಲ್ಲದ್ದೇನದ? ನನ್ನ ಹೊಲದಾಗ ನಾನೇ ಅಂಥಾ ಪಂಕ್ತಿ ಹ್ಯಾಂಗ ಮಾಡ್ಲಿ?"

ಗಫೂರನ ನಗು ನಿಂತಿತು. ಕೆಲವರು ತಕ್ಕಡಿಯ ಕಡೆ ನೋಡಿದರು, ಕೆಲವರು ನೆಲದ ಕಡೆ. ಮಚ್ಛೇಂದ್ರನಿಗೂ ಗೊತ್ತಿತ್ತು. ಸಾಲೆಯಲ್ಲಿ ಬಾಗಿಲ ಹೊರಗೆ ಕುಳಿತು ಉರ್ದು ಅಕ್ಷರ ಕಲಿತವನು ಅವನು. ಆದರೆ ಸಿಟ್ಟು ಬಂದವನಿಗೆ ಗೊತ್ತಿದ್ದದ್ದು ಕೆಲಸಕ್ಕೆ ಬರುವುದಿಲ್ಲ.

ಸಾಹೇಬರು ಪುಸ್ತಕದ ಸಾಲಿನ ಮೇಲೆ ಅಡ್ಡಗೀಟು ಎಳೆದು, ಮೆಲ್ಲಗೆ ಹೇಳಿದರು: "ಗೊಬ್ಬರದ ತೀರ್ಮಾನ ರದ್ದು. ಇರಲಿ, ಇದು ಯಾರ ತಪ್ಪೂ ಅಲ್ಲ. ಮುಂದಿನ ವರ್ಷ ಇಲ್ಲೇ ಇನ್ನೊಮ್ಮೆ ಮಾಡೋಣವೇ?"

ಆ ಪ್ರಶ್ನೆಗೆ ಹೌದು ಎನ್ನಲು ಅರ್ಧ ನಿಮಿಷದ ತಾಳ್ಮೆ ಸಾಕಿತ್ತು. "ಬ್ಯಾಡ್ರಿ ಸರ್," ಎಂದ ಮಚ್ಛೇಂದ್ರ. "ಈ ಊರಿಗಿ ಬೀಜಾನೂ ಬ್ಯಾಡ, ಗೊಬ್ಬರಾನೂ ಬ್ಯಾಡ. ಕೇಳ್ದವ್ರಿಗಿ ಕೊಡ್ರಿ. ಭಾಲ್ಕಿಗಿ ಕೊಡ್ರಿ." ಸಾಹೇಬರು ಎರಡು ಸಲ "ಯೋಚಿಸಿ" ಎಂದರು. ಅವನು ಎರಡು ಸಲವೂ ಅದನ್ನೇ ಹೇಳಿದ. ಅವರು ಬರೆದುಕೊಂಡರು.

ಮರುವರ್ಷ ಜೂನಿನಲ್ಲಿ ಡಾಬಕಾದ ಆರು ಮನೆಯವರು ಹಗ್ಗ ಕೇಳಿಕೊಂಡು ಬಂದರು. ಮೊದಲನೆಯವನು ಗಫೂರ. ಕಣ್ಣಾರೆ ತೂಕ ನೋಡಿದ್ದರಲ್ಲ, ನೂರನಲವತ್ತಾರು ಅವರ ತಲೆಯಲ್ಲಿ ಕುಳಿತಿತ್ತು. ಹಗ್ಗ ಮನೆಯಿಂದ ಮನೆಗೆ ತಿರುಗಿತು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಮಚ್ಛೇಂದ್ರನಿಗೆ ಹೊಟ್ಟೆ ಉರಿಯಿತು. ಅರ್ಧ ಪಾಠ ಕಲಿತರು, ಅದೂ ತಪ್ಪು ಲೆಕ್ಕ ನೋಡಿ ಕಲಿತರು. ಜಾಗ ಬಿಟ್ಟ ಗಿಡಕ್ಕೆ ಹಾಕಲು ಒಂದು ಹಿಡಿ ಗೊಬ್ಬರ ಆ ಊರಿನಲ್ಲಿ ಇರಲಿಲ್ಲ. ಅದೆಲ್ಲ ಭಾಲ್ಕಿಯಲ್ಲಿ ಇಳಿದಿತ್ತು.

ಅವನು ಸುಮ್ಮನೆ ಕೂರುವವನಲ್ಲ. ಸಾಯಗಾಂವದಲ್ಲಿ ಅಣ್ಣ ಗೋರಖನಾಥನ ಪಾಲಿಗೆ ಬೀಜ, ಗೊಬ್ಬರ ಬಂದಿತ್ತು. ಅಣ್ಣನನ್ನು ಕಾಡಿ ಬೇಡಿ ಅವನ ಹೊಲದಲ್ಲಿ ಅದೇ ನಾಲ್ಕು ತಾಕು ಮಾಡಿದ. ಅಲ್ಲಿ ಯಾರನ್ನೂ ಮುಟ್ಟಗೊಡಲಿಲ್ಲ. ರಜೆಯ ದಿನ ಬಸ್ಸು ಹಿಡಿದು ಹೋಗಿ ಗೊಬ್ಬರವನ್ನು ತಾನೇ ಹಾಕಿದ, ಉಳಿದದ್ದನ್ನು ಕಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಮೊಣಕಾಲೆತ್ತರದ ಕಾಲಕ್ಕೆ ಮೂರನೇ ತಾಕು ಹಳದಿಗೆ ತಿರುಗಿತು. ಕೆಳಗಿನ ಎಲೆಗಳು ತುದಿಯಿಂದ ಒಣಗಿದವು. ಕೈಯಲ್ಲಿ ಕಡ್ಡಿಪೆಟ್ಟಿಗೆಯ ಡಬ್ಬಿ ಹಿಡಿದು ಅವನು ಅದರ ಬದುವಿನಲ್ಲಿ ಬಹಳ ಹೊತ್ತು ನಿಂತ. ಏನಿದು, ಗಿಡ ತಾನೇ ಎಂದು ತನ್ನನ್ನೇ ಗದರಿಸಿಕೊಂಡು ನಾಲ್ಕನೆಯದಕ್ಕೆ ಹೋದ. ಅಂದು ಅಣ್ಣನ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವನಿಗೆ ರುಚಿ ಹತ್ತಲಿಲ್ಲ.

ಕೊಯ್ಲಿನಲ್ಲಿ ಲೆಕ್ಕ ಕೂದಲು ತಪ್ಪದೆ ಬಂತು. ಮೊದಲೆರಡು ತಾಕು ನೂರನ್ನೂ ಮುಟ್ಟಲಿಲ್ಲ, ಮೂರನೆಯದು ನೂರಹನ್ನೆರಡು, ನಾಲ್ಕನೆಯದು ಇನ್ನೂರ ಹತ್ತು. ಅಂತರವೊಂದೇ ಸಾಲದು, ಗೊಬ್ಬರವೊಂದೇ ಸಾಲದು, ಎರಡೂ ಕೂಡಿದರೆ ಬೆಳೆ ಎಂದು ಅವನು ಏಳು ವರ್ಷ ಹೇಳಿದ್ದು ತಕ್ಕಡಿಯಲ್ಲಿ ನಿಂತಿತು. ಕನ್ನಡದಲ್ಲಿ ಎಂಟು ಪುಟದ ವರದಿ ಬರೆದ. ಈ ಸಲ ಒಂದೂ ಕೆಂಪು ಗೀಟಿಲ್ಲದೆ ತಿರುಗಿ ಬಂತು: ಮಂಜೂರಾತಿ ಇಲ್ಲದೆ ಖಾಸಗಿ ಹೊಲದಲ್ಲಿ ಮಾಡಿದ್ದಾದ್ದರಿಂದ ಪರಿಗಣಿಸಲು ಬರುವುದಿಲ್ಲ.

ಸರ್ಕಾರ ಪರಿಗಣಿಸದಿದ್ದರೆ ಬಿಡಲಿ, ಒಬ್ಬಳಾದರೂ ಪರಿಗಣಿಸಬೇಕು ಎಂದು ಅವನು ಎರಡು ತೆನೆಗಳನ್ನು ಚೀಲದಲ್ಲಿ ಹಾಕಿಕೊಂಡು ಡಾಬಕಾಕ್ಕೆ ಬಂದ. ತೂಕದ ದಿನದ ನಂತರ ಅವನು ಅನುಸೂಯಾಬಾಯಿಯ ಮನೆಯ ಕಟ್ಟೆ ಹತ್ತಿರಲಿಲ್ಲ. ಅವಳು ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಬಾ ಎಂದಳು, ನೀರು ಕೊಟ್ಟಳು. ಅವನು ಎರಡೂ ತೆನೆಗಳನ್ನು ಅವಳ ಮುಂದಿಟ್ಟ. ಒಂದು ಮೊಣಕೈಯುದ್ದ, ತುದಿಯವರೆಗೂ ಕಾಳು. ಇನ್ನೊಂದು ಅದರ ಅರ್ಧ, ತುದಿಯಲ್ಲಿ ಬೋಳು.

ಅವಳು ದೊಡ್ಡದನ್ನು ಮುಟ್ಟಿ ಬಿಟ್ಟಳು. ಸಣ್ಣದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಇದು ಮೂರನೇದ್ದಲ್ಲ?"

"ಹೌದ್ರಿ ಅವ್ವಾ. ನಮ್ಮಣ್ಣನ ಹೊಲದ್ದು."

"ಇದಕ್ಕ ನೀ ಏನೂ ಹಾಕ್ಲೇ ಇಲ್ಲ?"

"ಒಂದು ಹರಳ ಗೊಬ್ಬರ ಹಾಕಿಲ್ರಿ. ಈಗರೆ ನಂಬ್ತೀರೇನು?"

ಅನುಸೂಯಾಬಾಯಿ ಅವನ ಮುಖ ನೋಡಿದಳು. "ನಾ ಯಾವಾಗ ನಂಬಿಲ್ಲಪಾ? ಊರಾಗ ಯಾರೂ ನಂಬಿಲ್ಲ, ನಾ ನಂಬಿದ್ದೆ. ನಂಬಿಕಿ ಇಲ್ಲದಿದ್ರ ಹಸದವಕ್ಕ ಯಾಕ ಹಾಕ್ತಿದ್ದೆ? ಉಣಲಾರದವ್ರು ಹಿಂಗೇ ಆಗ್ತಾರಂತ ನನಗ ಸಣ್ಣಾಕಿ ಇದ್ದಾಗಿಂದ ಗೊತ್ತದ. ಇದು ತೋರಸ್ಲಿಕ್ಕಿ ಮತ್ತೊಂದು ಹೊಲ ಉಪಾಸ ಕೆಡವಬೇಕಾಗಿತ್ತೇನು?"

ಮಚ್ಛೇಂದ್ರ ದೊಡ್ಡ ತೆನೆಯನ್ನು ತಿರುಗಿ ಚೀಲಕ್ಕೆ ಹಾಕಿಕೊಂಡ. ನಂಬದ ಇಡೀ ಊರಿನ ಹಿಂದೆ ಏಳು ವರ್ಷ ಓಡಾಡಿ, ನಂಬಿದ ಒಬ್ಬಳನ್ನು ಅದೇ ಊರಿನ ಎದುರು ಬೈದಿದ್ದ.

"ಆಗಿದ್ದು ಆತು," ಎಂದಳು ಅವಳು. "ಬರೂ ಮಿರಗಕ್ಕ ಹಗ್ಗ ತೊಗೊಂಡು ಬಾ. ನೀ ಹೇಳ್ದ್ಹಂಗೇ, ಸಾಲಿಗಿ ಎರಡೂವರಿ ಫೂಟ, ಗಿಡಕ್ಕ ಒಂದು ಫೂಟ. ಗೊಬ್ಬರಾನೂ ಎರಡು ಸಲ, ಬುಡದಿಂದ ನಾಕು ಬೆರಳು ದೂರ. ಮೂರೂ ಎಕರೆ ಮಾಡ್ತೇನಿ. ಆದ್ರ ಯಾವ ತುಕಡೀನೂ ಬಿಡಂಗಿಲ್ಲ, ಎಲ್ಲಾಕ್ಕೂ ಹಾಕ್ತೇನಿ. ನನಗೆಷ್ಟು ಚೀಲ ಬೇಕಾಗ್ತದ?"

ಈ ಮಾತನ್ನು ಯಾರಾದರೂ ಒಬ್ಬರು ಹೇಳಲಿ ಎಂದು ಅವನು ಸೈಕಲ್ಲು ತುಳಿದು ತುಳಿದು ಸವೆದಿದ್ದ. ಹೇಳಿದ ದಿನ ಅವನ ಹತ್ತಿರ ಒಂದು ಚೀಲವೂ ಇರಲಿಲ್ಲ. ಬರುವ ವರ್ಷದ ಹಂಚಿಕೆಯಲ್ಲೂ ಡಾಬಕಾದ ಹೆಸರಿರಲಿಲ್ಲ.

"ಚೀಲ ಇಲ್ರಿ ಅವ್ವಾ. ಎಲ್ಲಾ ಭಾಲ್ಕಿಗಿ ಹೋದ್ವು."

"ಭಾಲ್ಕಿಗಿ? ಯಾಕ? ಯಾರು ಕಳಿಸಿದ್ರು?"

ಸಾಹೇಬರ ಹೆಸರು ಹೇಳಬಹುದಿತ್ತು. ಅವನು ಹೇಳಲಿಲ್ಲ. "ನಾನೇ ಕಳಿಸ್ದೆ. ಅವತ್ತು ಸಿಟ್ಟಿನಾಗ."

ಅವಳು ತೊಡೆಯ ಮೇಲಿನ ಸಣ್ಣ ತೆನೆಯನ್ನು ತಿರುಗಿಸಿ, ಬೋಳು ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು. "ಹಂಗಾದ್ರ ಇಡೀ ಊರಿಗೇ ಮೂರನೇ ತುಕಡಿ ಮಾಡಿ ಕೂಡಿಸ್ದಿ," ಎಂದಳು.

ಮಚ್ಛೇಂದ್ರ ಹ್ಯಾಂಡಲ್ಲಿನ ಹಗ್ಗವನ್ನು ಬಿಚ್ಚಿ ಅವಳ ಕಟ್ಟೆಯ ಮೇಲೆ ಇಟ್ಟ. ಆಮೇಲೆ ಬೀದರದ ಸಾಹೇಬರನ್ನು ಗೊಬ್ಬರದ ಚೀಲ ಕೇಳಲು ಸೈಕಲ್ಲು ಹತ್ತಿ ಔರಾದದ ದಾರಿ ಹಿಡಿದ.